ಕಾಣದಂತೆ ಇಟ್ಟ ತೂಕ

ಕುವೆಂಪುನಗರದಲ್ಲಿ ಹಲ್ಲಿನ ಕ್ಲಿನಿಕ್ಕೊಂದರ ಮೇಲಿನ ಮಹಡಿಯಲ್ಲಿ ನಮ್ಮ ಡಿಸೈನ್ ಆಫೀಸು. ನಾನು ಸೇರುವಷ್ಟರಲ್ಲಿ ಬೋಗಾದಿ ರಸ್ತೆಯ ಕಲ್ಯಾಣ ಮಂಟಪವೊಂದಕ್ಕೆ ಕಾರು ನಿಲ್ಲಿಸುವ ಗೋಪುರದ ಕೆಲಸ ಮುಗಿಯುತ್ತ ಬಂದಿತ್ತು. ಎತ್ತರದ ಕಬ್ಬಿಣದ ಚೌಕಟ್ಟು, ಅದರೊಳಗೆ ಲಿಫ್ಟಿನಂತೆ ಕಾರನ್ನು ಎತ್ತಿ ಒಂದೊಂದು ಅಂತಸ್ತಿನಲ್ಲಿ ಇಡುವ ಯಂತ್ರ. ಬೋಲ್ಟು, ಬೇರಿಂಗು, ಮೋಟಾರು ಎಲ್ಲ ಸೇರಿ ಕಂಪ್ಯೂಟರಿನಲ್ಲಿದ್ದ ಅದರ ಮಾಡೆಲ್ ಎಷ್ಟು ಭಾರವಾಗಿತ್ತೆಂದರೆ, ಪೂರ್ತಿ ತೆರೆದರೆ ಸಿಸ್ಟಮ್ಮು ಕೂತೇಬಿಡುತ್ತಿತ್ತು.

ಅದಕ್ಕೇ ಎಲ್ಲರೂ ತಮಗೆ ಬೇಡದ ಭಾಗಗಳನ್ನು ತೆಗೆದಿಟ್ಟು ಕೆಲಸ ಮಾಡುತ್ತಿದ್ದರು. ಹೈಡ್ ಮಾಡಿದರೆ ಭಾಗ ಕಣ್ಣಿಗೆ ಕಾಣುವುದಿಲ್ಲ, ಮಾಡೆಲಿನಲ್ಲಿ ಇರುತ್ತದೆ. ಸಪ್ರೆಸ್ ಮಾಡಿದರೆ ಕಂಪ್ಯೂಟರಿನ ಪಾಲಿಗೆ ಅದು ಇಲ್ಲವೇ ಇಲ್ಲ. ಪಕ್ಕದಲ್ಲಿ ಬೂದು ಬಣ್ಣದ ಹೆಸರಷ್ಟೇ ಉಳಿಯುತ್ತದೆ.

ನನ್ನ ಪಾಲಿಗೆ ಬಂದದ್ದು ರಿಪೇರಿ ಪುಸ್ತಕಕ್ಕೆ ಚಿತ್ರ ಮಾಡುವ ಕೆಲಸ. ಹೊರಗಿನ ತಗಡು ಮರೆಮಾಡಿ, ಏಣಿ ತೋರಿಸಿ, ಯಾವ ಬೇರಿಂಗಿಗೆ ಎಲ್ಲಿ ನಿಂತು ಎಣ್ಣೆ ಬಿಡಬೇಕೆಂದು ಕಾಣಿಸಬೇಕು. ಗೋಪುರದ ತುದಿಯಲ್ಲೊಂದು ಅಟ್ಟಣೆ, ಅದರ ಅಂಚಿನಲ್ಲಿ ದೊಡ್ಡ ರಾಟೆ. ಅಟ್ಟಣೆಯ ಮೇಲೆ ಒಂದು ಮನುಷ್ಯನ ಆಕೃತಿ ತಂದು ನಿಲ್ಲಿಸಿದೆ. ಎಣ್ಣೆ ಬಿಡಬೇಕಾದರೆ ಅವನು ಭುಜವನ್ನು ಅಂಚಿನಿಂದ ಆಚೆ ಚಾಚಬೇಕಿತ್ತು. ಆಗಲೇ ಹಗ್ಗ ಕಣ್ಣಿಗೆ ಬಿತ್ತು. ರಾಟೆಯನ್ನು ಸುತ್ತಿ ಕೆಳಗಿಳಿದ ಉಕ್ಕಿನ ಹಗ್ಗ ನಡು ಗಾಳಿಯಲ್ಲಿ ನಿಂತುಹೋಗಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ.

ಪಕ್ಕದ ಮೇಜಿನ ಸೀನಿಯರ್ ಡಿಸೈನರನ್ನು ಕೇಳಿದೆ.

"ಅದಾ? ಕಾರಿನ ಭಾರಕ್ಕೆ ಸಮ ತೂಗೋ ತೂಕ ಕಣ್ರೀ. ಒಂದೊಂದು ಪ್ಲೇಟು ಬೇರೆ ಬೇರೆ ಬರೆದಿದಾರೆ, ಭಾರಿ ಫೈಲು. ಯಾವಾಗ್ಲೋ ಸಪ್ರೆಸ್ ಮಾಡಿಟ್ಟಿದ್ದು. ಈಗ ಆನ್ ಮಾಡೋಕ್ಹೋದ್ರೆ ಊಟದ ಹೊತ್ತಾಗ್ಬುಡುತ್ತೆ."

ಹೇಗಿದ್ದರೂ ಊಟಕ್ಕೆ ಏಳುವ ಹೊತ್ತು. ಆನ್ ಮಾಡಿ ಡಬ್ಬಿ ಬಿಚ್ಚಿದೆ. ಕೈ ತೊಳೆದು ಬಂದಾಗ ಗೋಪುರದ ಬುಡದಲ್ಲಿ, ಹಳಿಗಳ ನಡುವೆ, ಆಳೆತ್ತರದ ಕಪ್ಪು ಕಂಬದಂಥದ್ದು ನಿಂತಿತ್ತು. ಕಾರು ಕೆಳಗಿಳಿದರೆ ಇದು ಮೇಲೇರಬೇಕಲ್ಲ ಎಂದು ಮೌಸಿನಿಂದ ಹಿಡಿದು ಮೇಲಕ್ಕೆ ಎಳೆದೆ. ಒಂದೊಂದೇ ಅಂತಸ್ತು ದಾಟಿ ಅಟ್ಟಣೆಯ ಅಂಚಿಗೆ ಬಂತು. ನಾನು ನಿಲ್ಲಿಸಿದ್ದ ಮನುಷ್ಯನ ಭುಜದೊಳಗೆ, ಕತ್ತಿನೊಳಗೆ ಹಾದು, ಸದ್ದಿಲ್ಲದೆ ಮೇಲೆ ಹೋಯಿತು. ಅವನು ಹಾಗೇ ಕೈ ಚಾಚಿಕೊಂಡು ನಿಂತಿದ್ದ.

ಅಟ್ಟಣೆಗೂ ತೂಕ ಓಡಾಡುವ ದಾರಿಗೂ ನಡುವೆ ಕಬ್ಬಿಣದ ಜಾಲರಿ ಇರಬೇಕಿತ್ತು. ಅಟ್ಟಣೆ ಬರೆದವರಿಗೆ ಆ ಜಾಗ ಖಾಲಿಯಾಗಿಯೇ ಕಂಡಿತ್ತು. ಖಾಲಿ ಜಾಗಕ್ಕೆ ಯಾರು ಜಾಲರಿ ಹಾಕುತ್ತಾರೆ?

ಆಫೀಸಿನ ಯಜಮಾನರನ್ನು ಕರೆದೆ. ಅವರು ಬಗ್ಗಿ ನೋಡಿದರು. ಒಂದು ಸಲ ನಾನು ತೂಕವನ್ನು ಇಳಿಸಿ ಏರಿಸಿದ್ದೇ ತಡ, ಅವರ ಕೈ ಜೇಬಿನಲ್ಲಿದ್ದ ಫೋನಿಗೆ ಹೋಯಿತು.

"ಇವತ್ತು ಸೈಟಲ್ಲಿ ಟ್ರಯಲ್ ಕಣಮ್ಮ. ಗೋಪುರ ಓಡಿಸಿ ನೋಡ್ತಾರೆ."

ಸೈಟಿನ ಸೂಪರ್‌ವೈಸರ್ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ನನ್ನ ಸ್ಕೂಟರಿನ ಹಿಂದೆಯೇ ಅವರು ಹತ್ತಿ ಕೂತರು. ದಾರಿಯುದ್ದಕ್ಕೂ ಫೋನ್ ರಿಂಗಾಗುವ ಸದ್ದು ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು. ಪೈಪು ಹೂಳಲು ಅಗೆದ ರಸ್ತೆಯಲ್ಲಿ ಜಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಯಜಮಾನರು ಇಳಿದು ಲಾರಿಯವನಿಗೆ ಕೈ ಬೀಸಿ ದಾರಿ ಮಾಡಿಸಿದರು.

ಮಂಟಪದ ಹಿಂದೆ ಗೋಪುರ ಓಡುತ್ತಿತ್ತು. ಕಾರು ಹೊರುವ ತಟ್ಟೆ ಖಾಲಿಯಾಗಿಯೇ ನಿಧಾನವಾಗಿ ಕೆಳಗಿಳಿಯುತ್ತಿತ್ತು.

"ಮೇಲೆ ಯಾರಿದಾರೋ?" ಎಂದು ಯಜಮಾನರು ಕೂಗಿದರು.

"ಯಾರೂ ಕಾಣ್ತಾ ಇಲ್ಲ ಸಾರ್," ಎಂದ ಗುಂಡಿ ಒತ್ತುತ್ತಿದ್ದವನು.

"ನಿಲ್ಸೋ!"

ಅವನು ಕೆಂಪು ಗುಂಡಿ ಗುದ್ದಿದ. ಮೋಟಾರಿನ ಸದ್ದು ಅಡಗಿತು. ತುದಿಗೆ ಆಗಲೇ ತಗಡು ಹೊದಿಸಿದ್ದರಿಂದ ಕೆಳಗಿನಿಂದ ಅಟ್ಟಣೆ ಕಾಣುತ್ತಿರಲಿಲ್ಲ. ಎಲ್ಲರೂ ಕತ್ತೆತ್ತಿ ನಿಂತೆವು. ಒಂದು ಹಳದಿ ಹೆಲ್ಮೆಟ್ಟು ಕಂಬಗಳಿಗೆ ತಾಗಿ ತಾಗಿ ಉರುಳಿ ನಮ್ಮ ಮುಂದೆ ಬಿತ್ತು. ಒಂದು ಬದಿ ಒಡೆದಿತ್ತು. ಆಮೇಲೆ ಮೇಲಿನಿಂದ ನರಳುವ ದನಿ ಬಂತು. ಆ ದನಿ ಕೇಳಿದ್ದೇ ಯಜಮಾನರು ಏಣಿಯತ್ತ ಓಡಿದರು.

ಮೇಲಿದ್ದವರು ಯಂತ್ರ ಜೋಡಿಸುವ ಫಿಟ್ಟರು. ರಾಟೆಗೆ ಎಣ್ಣೆ ಬಿಡಲು ಹತ್ತಿದ್ದ ಅವರು ಇಳಿದಿದ್ದಾರೆಂದುಕೊಂಡು ಕೆಳಗಿದ್ದವರು ಯಂತ್ರ ಶುರು ಮಾಡಿದ್ದರು. ತೂಕ ಕೆಳಗಿನಿಂದ ಬಂದು ಅವರ ಭುಜವನ್ನು ಕಂಬಕ್ಕೆ ಒತ್ತಿ ನಿಂತಿತ್ತು. ತೂಕವನ್ನು ಕೈಯಿಂದ ತುಸುತುಸುವೇ ಇಳಿಸಿ, ಹಗ್ಗ ಕಟ್ಟಿ ಅವರನ್ನು ಕೆಳಗೆ ತಂದೆವು.

ಜೀವಕ್ಕೇನೂ ಆಗಲಿಲ್ಲ. ಭುಜ ಮುರಿದಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. ಗಂಡನ ಎಣ್ಣೆ ಮೆತ್ತಿದ ಅಂಗಿ ಅವರ ಕೈಯಲ್ಲಿತ್ತು.

"ಕಂಪ್ಯೂಟರ್‌ನಾಗೆ ಮೊದ್ಲೇ ಎಲ್ಲಾ ಕಾಣುತ್ತಂತಲ್ಲವ್ವ. ಇದು ಕಾಣ್ಲಿಲ್ವಾ?"

"ಕಾಣದಂಗೆ ಇಟ್ಟಿದ್ರು ಅಮ್ಮ," ಎಂದೆ.

"ಯಾಕೆ?"

"ಕೆಲಸ ಬೇಗ ಆಗ್ಲಿ ಅಂತ," ಎಂದೆ.

ಫಿಟ್ಟರು ಈಗ ನೆಲದ ಮೇಲಿನ ಕೆಲಸ ಮಾತ್ರ ಮಾಡುತ್ತಾರೆ. ಅಟ್ಟಣೆಗೆ ಜಾಲರಿ ಬಂದಿದೆ. ಯಜಮಾನರ ಮಾತಿನ ಮೇಲೆ ನಾವು ಆ ಮಾಡೆಲಿನ ಬೂದು ಹೆಸರುಗಳನ್ನು ಒಂದೊಂದಾಗಿ ಆನ್ ಮಾಡಿ ನೋಡುತ್ತಿದ್ದೇವೆ. ಕೆಲವನ್ನು ಯಾರು, ಯಾಕೆ ತೆಗೆದಿಟ್ಟರೋ ಆಫೀಸಿನಲ್ಲಿ ಯಾರಿಗೂ ನೆನಪಿಲ್ಲ. ಪೂರ್ತಿ ನೋಡಿ ಮುಗಿಯುವ ಮುಂಚೆಯೇ ಮಂಟಪದವರು ಮದುವೆ ಬುಕಿಂಗ್ ಶುರು ಮಾಡಿದ್ದಾರೆ.