ನಾಲ್ಕು ಪದರ ಹೊಲಿದು ತೋರಿಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಕಿಟಕಿಗೆ ಒತ್ತಿ ನಿಲ್ಲಿಸಿದ ಮೆಷಿನ್ ಎದುರು ಅವರು ಆಗಲೇ ಕೂತಿದ್ದಾರೆ. ಮೋಟಾರ್ ಹಾಕಿಲ್ಲ. ಬಲಗೈಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಚೀಲಕ್ಕೆ ಪಟ್ಟಿ ಸೇರುವ ಜಾಗದಲ್ಲಿ ಒಂದೊಂದೇ ಹೊಲಿಗೆ ಇಳಿಸುತ್ತಿದ್ದಾರೆ. ಅಲ್ಲಿ ಚರ್ಮ ನಾಲ್ಕು ಪದರ. "ಬಟ್ಟೆಯಾದ್ರೆ ಬಿಚ್ಚಿ ಮತ್ತೆ ಹೊಲೀಬಹುದು. ಚರ್ಮದಲ್ಲಿ ತೂತು ಬಿತ್ತು ಅಂದ್ರೆ ಬಿತ್ತು," ಎನ್ನುತ್ತಾರೆ, ತಲೆ ಎತ್ತದೆ.

ಬೀದಿಯವರಿಗೆಲ್ಲ ಇವರು ಚೀಲದಕ್ಕ. ವಿದ್ಯುತ್ ಕಂಬ ಹತ್ತುವವರು ಇಕ್ಕಳ, ಸುತ್ತಿಗೆ ತುಂಬಿ ಸೊಂಟಕ್ಕೆ ಬಿಗಿದುಕೊಳ್ಳುವ ಚೀಲಗಳನ್ನು ದಿನಕ್ಕೆ ಐದು, ಕೈ ಓಡಿದ ದಿನ ಆರು ಹೊಲಿಯುತ್ತಾರೆ. ಪಟ್ಟಿ ಕಿತ್ತು ಬಂದರೆ ಸುತ್ತಿಗೆ ಬೀಳುವುದು ಕೆಳಗೆ ನಿಂತವರ ತಲೆಯ ಮೇಲೆ.

ಇದಕ್ಕೆ ಮುಂಚೆ ಹದಿನೆಂಟು ವರ್ಷ ಒಂದು ಚರ್ಮದ ಸಾಮಾನಿನ ಕಾರ್ಖಾನೆಯಲ್ಲಿ ಕೈಹೊಲಿಗೆ. ಮೆಷಿನ್‌ಗಳ ಸಾಲಿನಲ್ಲಿ ಬರೀ ಗಂಡಸರು. ತಮ್ಮನ್ನೂ ಅಲ್ಲಿ ಕೂರಿಸಿ ಎಂದು ಕೇಳಿದಾಗಲೆಲ್ಲ ಯಜಮಾನರು, ನಿಮ್ಮದು ನಾಜೂಕಿನ ಕೈ, ಕೈಕೆಲಸಕ್ಕೇ ಚೆಂದ ಎಂದು ನಗುತ್ತಿದ್ದರಂತೆ. ಆ ನಾಜೂಕಿನ ಕೈಯ ಗೆಣ್ಣುಗಳು ಊದಿಕೊಂಡು ಬೆಳಗ್ಗೆ ಲೋಟ ಹಿಡಿಯಲೂ ಆಗದಂತಾದಾಗ, ಕೈಹೊಲಿಗೆ ನಿಲ್ಲಿಸಲೇಬೇಕು ಎಂದರು ವೈದ್ಯರು. ಕೊನೆಯ ಸಲ ಮೆಷಿನ್ ಕೇಳಿದರು. ಪ್ಯಾಕಿಂಗ್‌ಗೆ ಹೋಗಿ ಎಂದರು ಯಜಮಾನರು. ಇವರು ಮನೆಗೆ ಹೋದರು.

ಚರ್ಮದ ಕೆಲಸದಲ್ಲಿ ಉಳಿಯಬೇಕಾದರೆ ಸ್ವಂತ ಮೆಷಿನ್ನೇ ಬೇಕು. ಹೊಸದು ದೂರದ ಮಾತು. ಮೊದಲ ಸಲ ಹಳೆಯದನ್ನು ಕೊಳ್ಳಲು ಹೋದಾಗ ವ್ಯಾಪಾರಿ ತನ್ನಲ್ಲಿದ್ದ ತೆಳು ಚರ್ಮ ಇಟ್ಟು ಸರ್ರನೆ ಹೊಲಿದು ತೋರಿಸಿದ. ಗಂಡ ತಲೆದೂಗಿದರು. ಇವರು ಸುಮ್ಮನಿದ್ದರು. ಮನೆಗೆ ತಂದು ದಪ್ಪ ಚರ್ಮ ಇಟ್ಟರೆ ಮೂರರಲ್ಲೊಂದು ಹೊಲಿಗೆ ತಪ್ಪುತ್ತಿತ್ತು. "ಮೋಸ ಹೋಗಿದ್ದಕ್ಕಲ್ಲ, ಗೊತ್ತಿದ್ದೂ ಬಾಯಿ ಮುಚ್ಕೊಂಡು ನಿಂತಿದ್ನಲ್ಲ, ಅದಕ್ಕೆ ಹೊಟ್ಟೆ ಉರೀತು," ಎನ್ನುತ್ತಾರೆ. ಅದನ್ನು ಸಿಕ್ಕಷ್ಟಕ್ಕೆ ಮಾರಿ, ಇದ್ದಬದ್ದದ್ದನ್ನೆಲ್ಲ ಒಟ್ಟುಮಾಡಿ ಇನ್ನೊಂದು ಅಂಗಡಿಗೆ ಹೊರಟರು. ಇದೂ ಕೈಕೊಟ್ಟರೆ ಚರ್ಮದ ಸಹವಾಸವೇ ಮುಗಿದಂತೆ. ಮನೆಯಲ್ಲಿ ಅತ್ತೆ ಅದನ್ನೇ ಕಾಯುತ್ತಿದ್ದರು.

ಈ ಸಲ ಕೈಚೀಲದಲ್ಲಿ ತಮ್ಮದೇ ದಪ್ಪ ಚರ್ಮ, ತಮ್ಮದೇ ದಾರ. ಅಂಗಡಿಯವನು ಹೊಸದಾಗಿ ಬಣ್ಣ ಬಳಿದ ಮೆಷಿನ್ ತೋರಿಸುತ್ತ, "ನೀವು ನೋಡಿ ಸಾರ್," ಎಂದು ಗಂಡನತ್ತ ತಿರುಗಿದ. ಗಂಡ ವ್ಯಾನ್ ಓಡಿಸುವವರು. "ನನ್ನನ್ಯಾಕೆ ಕೇಳ್ತೀರಿ? ನಾನು ಭಾರ ಹೊರೋಕೆ ಬಂದಿರೋನು," ಎಂದು ಬಾಗಿಲಿಗೆ ಒರಗಿ ನಿಂತುಬಿಟ್ಟರು.

ಇವರು ಚರ್ಮವನ್ನು ಮಡಿಸಿ ಮುಂದಿಟ್ಟರು. "ನಾಲ್ಕು ಪದರ ಹೊಲಿದು ತೋರಿಸಿ. ಮೋಟಾರ್ ಬೇಡ, ಚಕ್ರ ಕೈಯಲ್ಲಿ ತಿರುಗಿಸಿ." ಜೋರಾಗಿ ಓಡುವ ಮೆಷಿನ್ ತನ್ನ ಐಬು ಮುಚ್ಚಿಕೊಳ್ಳುತ್ತದೆ, ನಿಧಾನಕ್ಕೆ ಓಡಿಸಿದರೆ ಬಾಯಿ ಬಿಡುತ್ತದೆ. ಬಣ್ಣದ ಮೆಷಿನ್ ಮೂರನೇ ಹೊಲಿಗೆಗೇ ಕಚ್ಚಿ ನಿಂತಿತು.

"ಏನಮ್ಮಾ, ಮೆಷಿನ್ ತಗೋತೀರೋ, ನನಗೆ ಪರೀಕ್ಷೆ ಇಡ್ತೀರೋ?"

"ಎರಡೂ."

ಮೂಲೆಯಲ್ಲೊಂದು ಬಣ್ಣ ಕಿತ್ತುಹೋದ ಮೆಷಿನ್ ಇತ್ತು. ಅದು ಗುಜರಿಗೆ ಹೋಗುವುದು ಎಂದ ಅಂಗಡಿಯವನು. ಇವರು ಅದರ ಕೆಳಗೆ ಬೆರಳು ಹಾಕಿ ನೋಡಿದರೆ ಎಣ್ಣೆ ಇನ್ನೂ ಹಸಿ. ಯಾರೋ ಮೊನ್ನೆಮೊನ್ನೆಯವರೆಗೂ ಇದರಲ್ಲಿ ದುಡಿದಿದ್ದಾರೆ. ಯಾರನ್ನೂ ಕೇಳದೆ ಸ್ಟೂಲ್ ಎಳೆದು ಕೂತರು. ಹತ್ತು ಹೊಲಿಗೆ ಹಾಕಿ ಚರ್ಮ ತಿರುವಿದರು. ಮೇಲೆ ಹೇಗೋ ಕೆಳಗೂ ಹಾಗೇ, ಒಂದೇ ಸಮ. ಅಂಗಡಿಯವನು ಬಗ್ಗಿ ನೋಡಿದ. ಅಂದು ವ್ಯಾನ್‌ನಲ್ಲಿ ಮನೆಗೆ ಬಂದದ್ದು ಈ ಮೆಷಿನ್ನೇ.

ಎರಡು ವರ್ಷವಾಗಿದೆ. ಅತ್ತೆ ಈಗ ದಾರದ ಉಂಡೆ ಸುತ್ತಿಕೊಡುತ್ತಾರೆ, ಗೊಣಗುತ್ತಲೇ. ಹೋದ ವಾರ ಹಳೆಯ ಕಾರ್ಖಾನೆಯಿಂದ ಫೋನ್ ಬಂತಂತೆ. ದಪ್ಪ ಚರ್ಮ ಹೊಲಿಯುವವರು ಸಿಗುತ್ತಿಲ್ಲ, ವಾಪಸ್ ಬನ್ನಿ ಎಂದು.

ಹೋಗುತ್ತೀರಾ ಎಂದರೆ, ದಾರವನ್ನು ಹಲ್ಲಿನಿಂದ ಕಡಿದು ಮುಂದಿನ ಚೀಲ ಎಳೆದುಕೊಳ್ಳುತ್ತಾರೆ.

"ಮೆಷಿನ್ ಮುಂದೆ ಕೂರಿಸ್ತಾರಂತೆ. ನಾನು ಆಗ್ಲೇ ಕೂತಾಯ್ತಲ್ಲ."