ಎರಡು ನುಡಿ ಕುರ್ಲಾದಲ್ಲಿ, ಮೂರನೆಯದು ಚೆಂಬೂರಿನಲ್ಲಿ

ಬೆಳಗಿನ ಮೊದಲ ಲೋಕಲ್ ಕುರ್ಲಾ ಸ್ಟೇಷನ್ನು ಬಿಡುವಾಗ ಹೋಟೆಲಿನ ಹಿಂಗೋಡೆ ಸಣ್ಣಗೆ ನಡುಗುತ್ತದೆ. ಆ ಗೋಡೆಗೆ ಬೆನ್ನು ಕೊಟ್ಟು ರುಬ್ಬುವ ಕಲ್ಲಿನ ಮುಂದೆ ಕೂತ ಕೊರಗಪ್ಪನಿಗೆ ಬೇರೆ ಗಡಿಯಾರ ಬೇಡ. ಗೋಡೆ ನಡುಗಿತೆಂದರೆ ವಡೆಯ ಉದ್ದು ಅರ್ಧ ನುಣ್ಣಗಾಗಿರಬೇಕು. ಎಡಗೈ ಹಿಟ್ಟನ್ನು ಕುಳಿಗೆ ತಳ್ಳುತ್ತದೆ, ಬಲಗೈ ಗುಂಡನ್ನು ತಿರುಗಿಸುತ್ತದೆ. ಒಂದು ಕೈಗೆ ಇನ್ನೊಂದರ ಪರಿಚಯವೇ ಇಲ್ಲದ ಹಾಗೆ ಎರಡೂ ತಮ್ಮ ಪಾಡಿಗೆ ತಾವಿವೆ. ತಲೆಯ ಮೇಲೆ ಹೊಗೆ ಹಿಡಿದ ಬಲ್ಬು. ಹಿಟ್ಟಿನ ಒಂದು ಚೂರನ್ನು ಅವನು ಲೋಟದ ನೀರಿಗೆ ಬಿಡುತ್ತಾನೆ. ಮುಳುಗುತ್ತದೆ. ತೇಲುವವರೆಗೆ ಅರೆಯಬೇಕು. ಮತ್ತೆ ಗುಂಡು ತಿರುಗಿಸುತ್ತಾನೆ, ತಿರುಗಿಸುತ್ತಲೇ ಹಾಡು ತೆಗೆಯುತ್ತಾನೆ.

“ದೋಣಿ ತೂಗುತದ ಹೊಳಿಮ್ಯಾಗ, ಕಂದ,
ತೊಟ್ಟಿಲ ತೂಗುತದ ಮನಿಯಾಗ...”

ಹಾಡಿಕೆ ಚೆನ್ನಾಗಿಲ್ಲ. ದನಿಯೂ ಕಲ್ಲಿನ ಜಾತಿಯದೇ, ಏರಿಲ್ಲ, ಇಳಿತವಿಲ್ಲ. ಆದರೂ ತೆಂಗಿನಕಾಯಿ ತುರಿಯುತ್ತಿರುವ ದೂಜನ ಕೈ ನಿಧಾನವಾಗುತ್ತದೆ. ಒಲೆಗೆ ಇದ್ದಲು ತುಂಬುವವರು, ಲೋಟ ಬೆಳಗುವವರು, ಎಲ್ಲರ ಕಿವಿಯೂ ಇತ್ತ ತಿರುಗುತ್ತದೆ. ದೋಸೆಕಲ್ಲಿನ ಅಣ್ಣು ಒಬ್ಬ ಮಾತ್ರ ಚೊಂಬು ಹಿಡಿದು ಹಿಂದಿನ ನಳದ ಕಡೆ ಹೊರಡುತ್ತಾನೆ.

“ಬಾಗಿಲು ಹಾಕಿಕೊಂಡು ಹೋಗು ಮಾರಾಯ,” ಎನ್ನುತ್ತಾನೆ ಕೊರಗಪ್ಪ.

“ಬಾಗಿಲು ಹಾಕಿದರೂ ನಿನ್ನ ಶಬ್ದ ಬರ್ತದೆ. ಅದಕ್ಕೇ ನಳ ಬಿಡ್ಲಿಕ್ಕೆ ಹೋಗುವುದು.”

ಕೊರಗಪ್ಪನಿಗೆ ನಲವತ್ತು ಹತ್ತಿರವಾಗುತ್ತಿದೆ. ಹಿರಿಯಡ್ಕದ ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಲೋಟ ತೊಳೆದ, ಮೇಜು ಒರೆಸಿದ, ಆಮೇಲೆ ಈ ಕಲ್ಲಿನ ಮುಂದೆ ಕೂತ, ಕೂತವನು ಏಳಲಿಲ್ಲ. ಬೆಳಿಗ್ಗೆ ವಡೆಯ ಹಿಟ್ಟು, ಚಟ್ನಿ, ಸಾಂಬಾರಿನ ಮಸಾಲೆ. ಸಂಜೆ ಮರುದಿನದ ಇಡ್ಲಿ, ದೋಸೆಗೆ ಎರಡು ದೊಡ್ಡ ಹಂಡೆ ತುಂಬುವಷ್ಟು. ಅವನ ಬಲತೋಳು ಎಡತೋಳಿಗಿಂತ ದಪ್ಪ, ಎಡಗೈಯ ಬೆರಳುಗಳು ಸದಾ ನೀರಲ್ಲಿ ನೆನೆದು ಬಿಳುಚಿವೆ. ಮಳೆಗಾಲದಲ್ಲಿ ಉಗುರಿನ ಸಂದಿಗಳು ಒಡೆಯುತ್ತವೆ. ಆಗ ಮೆಣಸು ಅರೆಯುವ ದಿನ ಅವನು ಯಾರೊಡನೆಯೂ ಮಾತಾಡುವುದಿಲ್ಲ. ಹೆಂಡತಿ ವಾರಿಜಾ ಊರಲ್ಲಿದ್ದಾಳೆ. ರಾತ್ರಿ ಹೋಟೆಲಿನ ಬೆಂಚುಗಳನ್ನು ಜೋಡಿಸಿ ಮಲಗುತ್ತಾನೆ. ಇಲ್ಲಿ ಇಡ್ಲಿ ತಿಂದು ಮಿಲ್ಲಿಗೆ, ಆಫೀಸಿಗೆ ಓಡುವ ಸಾವಿರಾರು ಜನರಲ್ಲಿ ಅವನ ಮುಖ ಕಂಡವರಿಲ್ಲ.

ಆದರೆ ನಾಟಕದ ಕಂಪನಿ ಬರುವ ಕಾಲದಲ್ಲಿ ಕುರ್ಲಾದ ಹೋಟೆಲು ಕೆಲಸಗಾರರಿಗೆ ಅವನಷ್ಟು ಬೇಕಾದ ಮನುಷ್ಯ ಇನ್ನೊಬ್ಬನಿಲ್ಲ.

ಪ್ರತಿ ಚಳಿಗಾಲ ಗದಗಿನ ಕಡೆಯ ಒಂದು ಕಂಪನಿ ಚೆಂಬೂರಿನ ಬಯಲಿನಲ್ಲಿ ತಗಡಿನ ಥಿಯೇಟರು ಕಟ್ಟುತ್ತದೆ. ಮಾತಿಗಿಂತ ಹಾಡೇ ಹೆಚ್ಚಿರುವ ನಾಟಕಗಳು. ಅಳುವುದು, ಜಗಳವಾಡುವುದು, ಕೊನೆಗೆ ಸಾಯುವುದು ಕೂಡ ಹಾಡಿನಲ್ಲೇ. ಒಂಬತ್ತಕ್ಕೆ ಗಂಟೆ ಹೊಡೆದು ಪರದೆ ಏಳುತ್ತದೆ. ಹೋಟೆಲು ಬಾಗಿಲು ಹಾಕುವುದು ಅದಾದ ಮೇಲೆ. ಕೆಲಸದವರು ಕೈ ತೊಳೆದು, ಲೋಕಲ್ ಹಿಡಿದು, ಕತ್ತಲಲ್ಲಿ ತಡವುತ್ತ ಹಿಂದಿನ ಬೆಂಚಿಗೆ ಸೇರುವಾಗ ಮೊದಲನೆಯ ಅಂಕ ಮುಗಿದಿರುತ್ತದೆ. ಹಾಡಿನ ಪುಸ್ತಕ ಥಿಯೇಟರಿನ ಬಾಗಿಲಲ್ಲಿ ಸಿಗುತ್ತದೆ, ನಿಜ. ಆದರೆ ಕತ್ತಲಲ್ಲಿ ಓದುವುದು ಹೇಗೆ? ಪುಸ್ತಕದಲ್ಲಿ ಧಾಟಿಯೂ ಇರುವುದಿಲ್ಲ.

“ನಾನು ಮೊದಲ ಸಲ ಹೋದಾಗ ಸ್ಟೇಜಿನ ಮೇಲೆ ಒಬ್ಬ ಅರಸು ಅಳ್ತಾ ಇದ್ದ,” ಎಂದು ಕೊರಗಪ್ಪ ನೆನೆಯುತ್ತಾನೆ. “ಮುಂದಿನವರೆಲ್ಲ ಅಳ್ತಿದ್ದಾರೆ. ನಾವು ಹಿಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡ್ತಿದ್ದೇವೆ. ಸತ್ತದ್ದು ಯಾರು ಅಂತ ಗೊತ್ತಿಲ್ಲದ ಮನೆಗೆ ಹೋಗಿ ಕೂತ ಹಾಗೆ ಆಯ್ತು ನಮಗೆ.”

ಮರುವರ್ಷ ಅವನೊಂದು ದಾರಿ ಹುಡುಕಿದ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕೆಲಸ ಹಿಡಿಯುವ ನಡುವೆ ಹೋಟೆಲಿನವರಿಗೆ ಸ್ವಲ್ಪ ಬಿಡುವು ಇರುತ್ತದೆ. ಉಳಿದವರು ಮಲಗುತ್ತಾರೆ. ತಾಲೀಮು ನಡೆಸುವ ಕಂಪನಿಗೆ ಆ ಹೊತ್ತಿನ ಚಹಾ ಹೋಗುವುದು ಇದೇ ಹೋಟೆಲಿನಿಂದ. ಆ ಕ್ಯಾನನ್ನು ತಾನು ಒಯ್ಯುತ್ತೇನೆಂದು ಕೊರಗಪ್ಪ ಕೇಳಿಕೊಂಡ. ಕ್ಯಾನು ಖಾಲಿಯಾಗುವವರೆಗೆ ಹಾರ್ಮೋನಿಯಂ ಮಾಸ್ತರ ಗದಿಗೆಪ್ಪನವರ ಪಕ್ಕದಲ್ಲಿ ನೆಲದ ಮೇಲೆ ಕೂತಿರುತ್ತಾನೆ. ಮರುದಿನ ಬೆಳಗಿನ ಜಾವ ಮೊದಲ ಅಂಕದ ಹಾಡುಗಳು, ನಡುನಡುವೆ ಕಥೆ, ಎಲ್ಲವೂ ಕಲ್ಲಿನ ಬಳಿ ಬರುತ್ತವೆ. ಅಕ್ಕಪಕ್ಕದ ಹೋಟೆಲುಗಳವರೂ ಒಲೆಗೆ ಕೆಂಡ ಕೇಳುವ ನೆಪ ಮಾಡಿಕೊಂಡು ಬಂದು ನಿಲ್ಲುತ್ತಾರೆ.

ಇಲ್ಲಿ ಅವನದೊಂದು ನೇಮವಿದೆ. ಸಾಹಿತ್ಯ ಪೂರ್ತಿ ಕೊಡುತ್ತಾನೆ, ಧಾಟಿ ಕೊಡುತ್ತಾನೆ, ಆದರೆ ಒಂದು ಆಲಾಪವನ್ನೂ ಬಾಯಿಗೆ ತರುವುದಿಲ್ಲ. ಬರುವುದಿಲ್ಲವೆಂದಲ್ಲ. ಒಬ್ಬನೇ ಇದ್ದೇನೆಂದುಕೊಂಡು ಅವನು ಬಾವಿಕಟ್ಟೆಯಲ್ಲಿ ಹಾಡಿದ್ದನ್ನು ಕೇಳಿದವರು, ಅವನ ಗಂಟಲಲ್ಲಿ ಬೇರೊಬ್ಬ ಮನುಷ್ಯ ಇದ್ದಾನೆ ಎನ್ನುತ್ತಾರೆ.

“ನಾನೇ ಚೆಂದ ಹಾಡಿಬಿಟ್ಟರೆ ಅಲ್ಲಿ ಅವರು ಎಂತ ಹಾಡುವುದು?” ಎನ್ನುತ್ತಾನೆ ಅವನು. “ನಾನು ಕೊಡುವುದು ಬರೀ ಅನ್ನ. ಸಾರು ಚೆಂಬೂರಿನಲ್ಲಿ.”

ಅಣ್ಣುವಿಗೆ ಈ ಅನ್ನವೂ ಬೇಡ. ಕಾಪು ಕಡೆಯವನು, ಬಡಕಲು, ಮಾತಿನಲ್ಲಿ ಚುರುಕು. ದೋಸೆಕಲ್ಲಿನ ಮುಂದೆ ಕೊರಗಪ್ಪನ ಹಿಟ್ಟಿಲ್ಲದೆ ಅವನಿಲ್ಲ, ಆದರೂ ಇಬ್ಬರ ಜಗಳ ಮುಗಿದ ದಿನವಿಲ್ಲ. “ಕೇಳಿಕೊಂಡು ಹೋಗಿ ನೋಡುವುದು ಅಂದರೆ ನಿನ್ನೆಯ ದೋಸೆ ಬಿಸಿ ಮಾಡಿದ ಹಾಗೆ,” ಎನ್ನುತ್ತಾನೆ. “ಅರ್ಧ ನಾಟಕ ನೋಡ್ತೇನೆ ನಾನು. ಆದರೆ ಆ ಅರ್ಧ ಪೂರ್ತಿ ಹೊಸತು. ನೀವು ಪೂರ್ತಿ ನೋಡ್ತೀರಿ, ಪೂರ್ತಿ ಹಳತು.” ಕೊರಗಪ್ಪ ವಾದಕ್ಕೆ ನಿಲ್ಲುವುದಿಲ್ಲ. ಅಣ್ಣು ಹೇಳುವುದರಲ್ಲಿ ಸತ್ಯವಿಲ್ಲದಿಲ್ಲ ಎಂಬುದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ಮೊದಲ ವರ್ಷ ಬಿಟ್ಟರೆ ಅವನು ನೋಡಿದ ನಾಟಕದಲ್ಲಿ ಅವನಿಗೆ ಮೊದಲೇ ತಿಳಿಯದ ಒಂದು ಸಾಲೂ ಇರಲಿಲ್ಲ. ಪರದೆ ಏಳುವುದನ್ನು ಅವನು ಒಮ್ಮೆಯೂ ಕಂಡಿಲ್ಲ.

ಈ ವರ್ಷ ಧಣಿ ರಮಾನಾಥ ಗಲ್ಲಾದಿಂದಲೇ ಕರೆದು ಹೇಳಿದರು: “ಕೊರಗಪ್ಪ, ಮಳೆಗಾಲದಲ್ಲಿ ಎಲ್ಲರೂ ಜ್ವರ ಬಂದು ಮಲಗಿದಾಗ ನೀನೊಬ್ಬನೇ ಎಳೆದದ್ದು ನಾನು ಮರೆತಿಲ್ಲ. ಶನಿವಾರ ಮೊದಲ ಆಟ. ಗಂಟೆ ಹೊಡೆಯುವ ಮೊದಲೇ ಹೋಗಿ ಕೂತುಕೋ.”

“ಸಂಜೆಯ ಹಿಟ್ಟು, ಧಣಿ?”

“ನಾನು ಅರೆಯುತ್ತೇನೆ,” ಎಂದದ್ದು ಅಣ್ಣು. “ಒಂದು ದಿನ ಆ ಕಲ್ಲಿನ ಕಿವಿಗೂ ರಜೆ ಸಿಗಲಿ.”

ಅಂದರೆ ಶನಿವಾರ ಅಣ್ಣು ನಾಟಕಕ್ಕಿಲ್ಲ: ದೋಸೆಯ ಕೆಲಸ ಮುಗಿಸಿ ಎರಡು ಹಂಡೆ ಅರೆಯುವುದರಲ್ಲಿ ಆಟ ಮುಗಿದಿರುತ್ತದೆ.

ಆ ವಾರ ಮೂರು ದಿನ ಕಲ್ಲು ಮೂಕವಾಗಿತ್ತು. ಕೊರಗಪ್ಪ ಚೆಂಬೂರಿಗೆ ಕ್ಯಾನು ಒಯ್ದು ಬಾಗಿಲಲ್ಲೇ ಇಟ್ಟು ಮುಖ ತಿರುಗಿಸಿಕೊಂಡು ಬಂದುಬಿಡುತ್ತಿದ್ದ. “ಒಂದು ನಾಟಕ, ಒಂದೇ ಒಂದು, ಏನೂ ತಿಳಿಯದೆ ನೋಡಬೇಕು ಅಂತ ಆಸೆ ಇತ್ತು,” ಎನ್ನುತ್ತಾನೆ. “ಊಟಕ್ಕೆ ಕೂತವರಿಗೆ ಬಡಿಸ್ತಾರಲ್ಲ, ಹಾಗೆ ನನಗೂ ಒಮ್ಮೆ ಯಾರಾದರೂ ಬಡಿಸಲಿ ಅಂತ. ನಾನು ಯಾವಾಗಲೂ ಅಡುಗೆಮನೆಯವ.”

ಮೂರನೆಯ ದಿನ ದೂಜ ಕೇಳಿದ: “ಎಂತ ಕೊರಗಪ್ಪಣ್ಣ, ಈ ಸಲ ನಮಗೆ ಮೊದಲನೇ ಅಂಕ ಇಲ್ವಾ?” ಕೊರಗಪ್ಪ ಗುಂಡನ್ನು ಇನ್ನಷ್ಟು ಜೋರಾಗಿ ತಿರುಗಿಸಿದ. ಆ ಮಧ್ಯಾಹ್ನ ಕ್ಯಾನು ಇಟ್ಟು ಹೊರಟವನನ್ನು ಗದಿಗೆಪ್ಪನವರು ತಡೆದರು.

“ಏ ಕೊರಗಪ್ಪ, ನನ್ನ ಪೆಟ್ಟಿಗಿ ಮ್ಯಾಲ ಸಿಟ್ಟೇನೋ? ಯಾಕ ಒಳಗ ಬರವಲ್ಲಿ?”

ಅವನು ಕಾರಣ ಹೇಳಿದ. ಮಾಸ್ತರರು ಬೀಡಿ ಹಚ್ಚಿಕೊಂಡು ಯೋಚಿಸಿದರು.

“ನಿನ್ನ ಮಾತು ಖರೆ. ಆದ್ರ ಈ ನಾಟಕ ಬ್ಯಾರೆ ಐತಿ. ಅಂಬಿಗನ ಹೆಂಡತಿ ಮೊದಲ್ನೇ ಅಂಕದಾಗ ಜೋಗುಳ ಹಾಡ್ತಾಳ. ಎರಡು ನುಡಿ ಆಗೂದ್ರಾಗ ಹೊಳಿ ಆಚಿಂದ ಯಾರೋ ಕೂಗ್ತಾರ. ಕೂಸಿನ್ನ ಬಿಟ್ಟು ದೋಣಿ ಹತ್ತತಾಳ. ಮೂರನೇ ನುಡಿ ಬರೂದು ಕಡೀ ಅಂಕದಾಗ. ಮೊದಲಿನ ಎರಡು ಕಿವಿಯಾಗ ಇಲ್ಲದವ್ರಿಗೆ ಅದು ಬರೇ ಗಾಳಿ. ನಿಮ್ಮ ಹಿಂದಿನ ಬೆಂಚಿನವ್ರಿಗೆ ಏನು ಸಿಗ್ತದ ಹೇಳು?”

ಕೊರಗಪ್ಪ ಬಾಗಿಲಲ್ಲಿ ನಿಂತೇ ಇದ್ದ. ಅವನ ಕಣ್ಣ ಮುಂದೆ ಆ ಹಳೆಯ ಅರಸು, ಆ ಅಳು, ಒಬ್ಬರ ಮುಖ ಒಬ್ಬರು ನೋಡುತ್ತ ಕೂತವರು. ಚಪ್ಪಲಿ ಬಿಟ್ಟು ಒಳಗೆ ಬಂದ. “ಎರಡು ನುಡಿ ಕೊಡಿ ಮಾಸ್ತರ್ರೇ,” ಎಂದ. “ಮೂರನೆಯದು ಬರುವಾಗ ಒಂದು ಸನ್ನೆ ಮಾಡಿ. ನಾನು ಎದ್ದು ಹೋಗ್ತೇನೆ.”

ಹಾಗೇ ನಡೆಯಿತು. ರುದ್ರವ್ವ ಎಂಬ ಹಿರಿಯ ನಟಿ ತಾಯಿಯ ಪಾತ್ರದವರು. ತಾಲೀಮಿನಲ್ಲಿ ದನಿ ಉಳಿಸಿಕೊಂಡು ಮೆಲ್ಲಗೆ ಗುನುಗುತ್ತಾರೆ. ಕಡೆಯ ಅಂಕ ಬಂದಾಗ ಗದಿಗೆಪ್ಪನವರು ಹಾರ್ಮೋನಿಯಂ ಮೇಲಿಂದ ಒಂದು ಬೆರಳು ಎತ್ತಿ ಬಾಗಿಲು ತೋರಿಸುತ್ತಾರೆ. ಕೊರಗಪ್ಪ ಖಾಲಿ ಕ್ಯಾನು ಹಿಡಿದು ಹೊರಗೆ ಓಡುತ್ತಾನೆ. ತಗಡಿನ ಗೋಡೆ, ಹಾಡು ಸೋರಿ ಬರುತ್ತದೆ. ರಸ್ತೆ ಬದಿಯ ನಳ ಬಿಟ್ಟು, ಅದರ ಸದ್ದಿನಲ್ಲಿ ಕ್ಯಾನನ್ನು ತೊಳೆಯುತ್ತಾನೆ, ತೊಳೆದದ್ದನ್ನೇ ತೊಳೆಯುತ್ತಾನೆ. ಆಗ ಅವನಿಗೆ ಅಣ್ಣು ನೆನಪಾದನಂತೆ. ತನ್ನನ್ನು ಕಂಡರಾಗದೆ ಅವನು ಎದ್ದು ಹೋಗುತ್ತಾನೆಂದು ಕೊರಗಪ್ಪ ಇಷ್ಟು ವರ್ಷ ಒಳಗೊಳಗೇ ಅಂದುಕೊಂಡಿದ್ದ.

ಭಾನುವಾರದ ಬೆಳಗಿನ ಜಾವ. ಅಣ್ಣು ಒಬ್ಬನನ್ನು ಬಿಟ್ಟು ಎಲ್ಲರೂ ರಾತ್ರಿ ನಾಟಕ ನೋಡಿ ಬಂದಿದ್ದಾರೆ. ದೂಜ ತುರಿದ ಕಾಯಿಯ ಹೋಳನ್ನೇ ಮತ್ತೆ ತುರಿಯುತ್ತಿದ್ದಾನೆ. ಅಣ್ಣು ಎಲ್ಲರ ಮುಖವನ್ನೂ ನೋಡಿ ರೇಗುತ್ತಾನೆ.

“ಎಂತ ಆಗಿದೆ ನಿಮಗೆಲ್ಲ? ಹೆಣ ಸುಟ್ಟು ಬಂದವರ ಹಾಗೆ ಕೂತಿದ್ದೀರಲ್ಲ.”

“ಆ ಮುದುಕಿ ತೊಟ್ಟಿಲಿಗೆ ಕೈ ಇಟ್ಟಳು ನೋಡು ಅಣ್ಣುವಣ್ಣ,” ಎಂದು ದೂಜ ತೊಡಗುತ್ತಾನೆ. “ಬಾಯಿ ತೆರೆಯುವ ಮೊದಲೇ ನಮಗೆ ಗೊತ್ತಾಯ್ತು ಅವಳು ಯಾರು ಅಂತ. ಹಿಂದಿನ ಬೆಂಚಿಗೇ ಮೊದಲು ಗೊತ್ತಾದದ್ದು. ಆಮೇಲೆ ಅವಳು—”

“ಸಾಕು,” ಎನ್ನುತ್ತಾನೆ ಕೊರಗಪ್ಪ.

“ನೀನು ಪರದೆ ಏಳುವುದು ಕಂಡೆಯಾ?” ಅಣ್ಣು ಕೇಳುತ್ತಾನೆ, ಕೊರಗಪ್ಪನ ಕಡೆ ನೋಡದೆ.

“ಕಂಡೆ. ಮೊದಲು ರುದ್ರವ್ವನವರ ಪಾದ ಕಾಣ್ತದೆ, ಆಮೇಲೆ ಸೀರೆ, ಆಮೇಲೆ ಮುಖ. ಹಾಡು ಶುರು ಮಾಡಿದರು. ನಾನು ಮೂರು ದಿನ ಕೇಳಿದ ಹಾಡು, ಮೂರು ದಿನ ಈ ಕಲ್ಲಿಗೆ ಹೇಳಿದ ಹಾಡು. ಅದೇ ಅಂತ ಗುರುತು ಹತ್ತಲಿಕ್ಕೆ ಸ್ವಲ್ಪ ಹೊತ್ತು ಬೇಕಾಯ್ತು ಅಣ್ಣು. ಪೂರ್ತಿ ದನಿ ಬಿಟ್ಟಿದ್ದರು.”

ಲೋಕಲ್ ಹೋಗುತ್ತದೆ. ಗೋಡೆ ನಡುಗುತ್ತದೆ. ಕೊರಗಪ್ಪ ಉದ್ದಿಗೆ ನೀರು ಚಿಮುಕಿಸಿ ಗುಂಡು ಹಿಡಿಯುತ್ತಾನೆ. ಅಣ್ಣು ಚೊಂಬು ಎತ್ತಿಕೊಂಡು ಬಾಗಿಲವರೆಗೆ ಹೋಗುತ್ತಾನೆ, ನಿಲ್ಲುತ್ತಾನೆ, ತಿರುಗಿ ಬಂದು ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕೂರುತ್ತಾನೆ.

“ನಳದಲ್ಲಿ ನೀರಿಲ್ವಾ?”

“ಉಂಟು. ನಿನ್ನೆ ನಿನ್ನ ಕಲ್ಲು ಎಳೆದು ಸೊಂಟ ಹಿಡಿದಿದೆ. ನೀನು ಹಾಡುವುದಾದರೆ ಹಾಡು. ನಾನೇನು ಕೇಳಲಿಕ್ಕೆ ಕೂತದ್ದಲ್ಲ.”

ಕೊರಗಪ್ಪ ಹಾಡುತ್ತಾನೆ. ಅದೇ ಬರಿಯ ಅನ್ನ: ಏರಿಲ್ಲದ, ಇಳಿತವಿಲ್ಲದ ಒಂದು ನುಡಿ, ಎರಡು ನುಡಿ. ನಡುವೆ ಅಂಬಿಗನ ಮನೆಯ ಕಥೆ ಹೇಳುತ್ತಾನೆ, ಹೊಳೆಯಾಚೆಯ ಕೂಗನ್ನೂ ಕಲ್ಲಿನ ಸದ್ದಿನ ಮೇಲೆ ಒಮ್ಮೆ ಕೂಗಿ ತೋರಿಸುತ್ತಾನೆ. ಅಣ್ಣು ತಲೆ ಬಗ್ಗಿಸಿ ಚೊಂಬಿನ ಕಂಠವನ್ನು ಉಜ್ಜುತ್ತಿದ್ದಾನೆ. ಹಾಡು ನಿಲ್ಲುತ್ತದೆ.

“ಮುಂದೆ?”

“ಮುಂದೆ ಚೆಂಬೂರು.”

“ಈಗ ನಿನಗೆ ಗೊತ್ತುಂಟಲ್ಲ.”

“ಗೊತ್ತುಂಟು. ಬಾಯಿ ತುಂಬ ಉಂಟು. ಶನಿವಾರದವರೆಗೆ ನುಂಗಿಕೊಂಡು ಇರಬೇಕು, ಅದು ಹಾಡುವುದಕ್ಕಿಂತ ಕಷ್ಟದ ಕೆಲಸ.”

ಅಣ್ಣು ಏನೋ ಗೊಣಗಿ ಎದ್ದು ತನ್ನ ಒಲೆಯ ಕಡೆ ಹೋಗುತ್ತಾನೆ. ಬರುವ ಶನಿವಾರ ಅದೇ ನಾಟಕ ಮತ್ತೆ ಇದೆ, ಆದರೆ ರಜೆ ಯಾರಿಗೂ ಇಲ್ಲ. ಎಲ್ಲರೂ ಬಾಗಿಲು ಹಾಕಿದ ಮೇಲೆಯೇ ಓಡಬೇಕು, ಕತ್ತಲಲ್ಲಿ ತಡವಿಕೊಂಡು ಹಿಂದಿನ ಬೆಂಚಿಗೇ ಸೇರಬೇಕು. ಕೊರಗಪ್ಪನೂ ಮತ್ತೊಮ್ಮೆ ಹೊರಟಿದ್ದಾನೆ. ಪೂರ್ತಿ ನೋಡಿದ ನಾಟಕಕ್ಕೆ ಮತ್ತೆ ಯಾಕೆ ಎಂದು ದೂಜ ಕೇಳಿದರೆ ಅವನು ಹಿಟ್ಟಿನ ಚೂರೊಂದನ್ನು ನೀರಿಗೆ ಬಿಟ್ಟು, ಅದು ತೇಲುವುದನ್ನು ನೋಡಿ, ದನಿ ತಗ್ಗಿಸಿ ಹೇಳುತ್ತಾನೆ:

“ಮೂರನೇ ನುಡಿ ಬರುವಾಗ ನಾನು ಅಣ್ಣುವಿನ ಪಕ್ಕ ಕೂತಿರಬೇಕು, ಅಷ್ಟೇ. ಸ್ಟೇಜಿನ ಕಡೆ ನೋಡುವುದಿಲ್ಲ. ಅವನ ಮುಖ ನೋಡ್ತೇನೆ.”