ಅವ್ವನ ದನಿ ಒಡೆದ ವರ್ಷ

ಸಿರುಗುಪ್ಪದ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಸಿಗದವರು ಯಾರೂ ಇರಲಿಲ್ಲ. ತೆಲುಗು ಬೆರೆಸಿ ಬೈಯುವ ಶಾಲೆಯ ಮೇಷ್ಟ್ರು, ಮೂಗಿನಲ್ಲೇ ಮಾತಾಡುವ ಬಳೆಗಾರ, ದಿಬ್ಬ ಏರುವಾಗ ಕ್ಷಯ ಹಿಡಿದವರಂತೆ ಕೆಮ್ಮುವ, ಇದ್ದಿಲು ಉರಿಸಿ ಓಡುವ ಬಸ್ಸು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನೋಡಲು ಮಾತ್ರ ನಾನೇ ಒಂದು ಅಣಕು: ಕೊಕ್ಕರೆ ಕಾಲು, ಮುಖಕ್ಕಿಂತ ಮೊದಲು ಬೆಳೆದ ಕಿವಿ, ಜಾರದಿರಲೆಂದು ಉಡದಾರಕ್ಕೆ ಸಿಕ್ಕಿಸಿದ ಚಡ್ಡಿ. ನನ್ನ ಸ್ವಂತ ದನಿ ಯಾವುದೆಂದು ನನಗೇ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನನಗೆ ಒಂಬತ್ತಿದ್ದಾಗ ಅವ್ವನಿಗೆ ಜ್ವರ ಬಂತು. "ನಾಳೆ ಬಳ್ಳಾರಿಗೆ ಕರಕೊಂಡು ಹೋಗೂಣು" ಎಂದು ಅಪ್ಪ ನಾಲ್ಕು ದಿನ ಅಂದ. ಐದನೇ ದಿನ ಅನ್ನುವ ಅಗತ್ಯ ಬೀಳಲಿಲ್ಲ.

ಅವ್ವನ ತಾಯಿ, ನನ್ನಜ್ಜಿ, ಕುರುಗೋಡಿನಿಂದ ಬಂದವಳು ನಮ್ಮಲ್ಲೇ ಉಳಿದಳು. ಮನೆಯ ಎಮ್ಮೆಯೂ ಕುರುಗೋಡಿನದೇ. ಅವ್ವ ಮದುವೆಯಾಗಿ ಬರುವಾಗ ಕರುವಾಗಿ ಜೊತೆಗೆ ಬಂದದ್ದು. ಅದು ಅವ್ವನ ಕೈಗೆ, ಅವ್ವನ ಮಾತಿಗೆ ಮಾತ್ರ ಹಾಲು ಇಳಿಸುತ್ತಿತ್ತು. ಅಜ್ಜಿ ಕೂತರೆ ಚರಿಗೆಗೆ ಒದೆಯಿತು, ಅಪ್ಪ ಕೂತರೆ ಅಪ್ಪನಿಗೇ ಒದೆಯಿತು. ಮೂರನೇ ದಿನ ಕೆಚ್ಚಲು ಕಲ್ಲಿನಂತಾಗಿ, ಎಮ್ಮೆ ಗೋದಲಿಗೆ ಗದ್ದ ಊರಿ ನರಳುತ್ತಿತ್ತು.

ನನಗೆ ಅಳು ಒತ್ತರಿಸಿ ಬರುತ್ತಿತ್ತು. ಅಳು ಬಂದಾಗ ಯಾರನ್ನಾದರೂ ಅಣಕಿಸುವುದೊಂದೇ ನನಗೆ ಗೊತ್ತಿದ್ದ ಉಪಾಯ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಥೇಟ್ ಅವ್ವನಂತೆ ಕರೆದೆ: "ನಿಂದ್ರು ನನ್ನವ್ವಾ, ಕಾಲ್ ಸರಿಸು ನನ್ನವ್ವಾ, ಕೂಸಿಗೆ ಒಂದೀಟು ಬಿಡು..."

ಅಜ್ಜಿಯ ಕೈ ನನ್ನ ಕೆನ್ನೆಗೆ ಬಿತ್ತು. "ಸತ್ತಾಕಿ ದನಿ ತಗೀತಿಯೇನಲೇ, ಭಾಡ್ಯಾ!"

ಆದರೆ ಎಮ್ಮೆ ಕಿವಿ ತಿರುಗಿಸಿತ್ತು. ಅಜ್ಜಿ ಎಮ್ಮೆಯನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ಒಳಗೆ ಹೋಗಿ ಅವ್ವನ ಹಸಿರು ಸೀರೆ ತಂದು, ನಾಲ್ಕು ಮಡಿಕೆ ಮಾಡಿ ನನಗೆ ಸುತ್ತಿದಳು. "ಕರಿ," ಅಂದಳು. ಕರೆಯುತ್ತಾ ನಾನೇ ಹಿಂಡಲು ಕೂತೆ. ಹಾಲು ಇಳಿಯಿತು. ಅವ್ವ ಹೇಳುತ್ತಿದ್ದ ಕೂಸು ನಾನೇ. ಇನ್ನು ಮೇಲೆ ನನಗಾಗಿ ನಾನೇ ಬೇಡಿಕೊಳ್ಳಬೇಕಾಯಿತು.

ದಿನಾ ಸಂಜೆ ಇದೇ ಕೆಲಸ. ಓಣಿಯ ಹುಡುಗರು ಇಣುಕಿ "ಹಾಲಮ್ಮ ಬಂದ್ಲಲೇ!" ಅಂದರೆ, ನಾನೂ ಸೆರಗು ಹೊದ್ದು ನಾಲ್ಕು ಹೆಜ್ಜೆ ಬಳುಕಿ ತೋರಿಸುತ್ತಿದ್ದೆ. ಹೊಲದಿಂದ ಬಂದ ಅಪ್ಪ ಕಾಲು ಸಹ ತೊಳೆಯದೆ ಕೊಟ್ಟಿಗೆಯ ಆಚೆ ಬದಿಯ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ದಣಿವು ಆರಿಸಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಒಂದು ಸಂಜೆ ಬೇಸರ ಬಂದು ಮೇಷ್ಟ್ರ ದನಿಯಲ್ಲಿ ಎಮ್ಮೆಗೆ ಮಗ್ಗಿ ಒಪ್ಪಿಸತೊಡಗಿದೆ. ಗೋಡೆಯ ಆಚೆಯಿಂದ ಅಪ್ಪನ ಮಾತು ಬಂತು.

"ಲೇ, ನೆಟ್ಟಗ ಕರಿ."

ಕೇಳುತ್ತಿರುವುದು ಎಮ್ಮೆ ಒಂದೇ ಅಲ್ಲವೆಂದು ಆಗ ತಿಳಿಯಿತು. ತಿಳಿದ ಮೇಲೆ ಸುಮ್ಮನಿರುವ ಜಾತಿಯವನೇ ನಾನು? ಮರುದಿನ ಹಾಲು ಹಿಂಡಿ ಏಳುತ್ತಾ, ಅವ್ವ ದಿನಾ ಅನ್ನುತ್ತಿದ್ದ ಮಾತನ್ನೇ ಅಂದುಬಿಟ್ಟೆ: "ಏಳ್ರಿ, ರೊಟ್ಟಿ ಆರ್ತಾವ."

"ಬಂದೆ," ಅಂದ ಅಪ್ಪ. ಎದ್ದ ಸಪ್ಪಳವೂ ಆಯಿತು. ಆಮೇಲೆ ಹೆಜ್ಜೆಯ ಸಪ್ಪಳ ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ. ಆ ಮಾತನ್ನು ನಾನು ಮತ್ತೆ ಅನ್ನಲಿಲ್ಲ.

ಹದಿನಾಲ್ಕಕ್ಕೆ ನನ್ನ ಮೈ ನನ್ನನ್ನೇ ಅಣಕಿಸಲು ಶುರುಮಾಡಿತು. ಪಾದ ಎರಡು ಅಂಗುಲ ಮುಂದೆ ಹೋಗಿ ಎಲ್ಲ ಹೊಸ್ತಿಲಿಗೂ ಎಡವುತ್ತಿತ್ತು. ಮೊಣಕಾಲು ನೋಯುತ್ತಿತ್ತು. ಮೇಲ್ದುಟಿಯ ಮೇಲೆ ಯಾರೋ ಮಸಿ ಕೈ ಒರೆಸಿದಂತೆ ಕಪ್ಪು. ನಾಲ್ಕು ಮಡಿಕೆಯ ಸೀರೆ ಮಡಿಕೆ ಬಿಚ್ಚುತ್ತಾ ಬಿಚ್ಚುತ್ತಾ, ಒಂದು ದಿನ ಸರಿಯಾಗಿ ಪಾದ ಮುಚ್ಚಿತು. ಎತ್ತರದಲ್ಲಿ ನಾನು ಅವ್ವನಷ್ಟಾಗಿದ್ದೆ. ಅದೇ ವಾರ "ನಿಂದ್ರು ನನ್ನವ್ವಾ" ಅನ್ನಲು ಬಾಯಿ ತೆರೆದರೆ, ಅರ್ಧ ದಾರಿಯಲ್ಲಿ ದನಿ ಸೀಳಿ, ಕೆಳಗಿನಿಂದ ಯಾವನೋ ಗಂಡಸು ಮಾತಾಡಿದ.

"ಕಪ್ಪಿ ನುಂಗಿಯೇನಲೇ?" ಎಂದರು ಓಣಿಯವರು. ನಾನೂ ಕಪ್ಪೆಯಂತೆ ಕುಪ್ಪಳಿಸಿ ನಗಿಸಿದೆ. ಮನೆಗೆ ಬಂದು ಗೋಡೆಗೆ ಮುಖ ಮಾಡಿ, ಸಣ್ಣಗೆ, ಇನ್ನೂ ಸಣ್ಣಗೆ ಅವ್ವನನ್ನು ಕರೆದು ನೋಡಿದೆ. ಬರಲಿಲ್ಲ. ಅಜ್ಜಿ ಮೆಣಸು ಬೆಲ್ಲ ಕುದಿಸಿ ಕುಡಿಸಿದಳು. ಅಷ್ಟೂ ದಿನ ಸೀರೆ ಸುತ್ತಿಕೊಂಡು, ಪಿಸುದನಿಯಲ್ಲಿ ಹೇಗೋ ಹಾಲು ಹಿಂಡಿದೆ. ಹತ್ತು ದಿನವಾದ ಮೇಲೆ ಅಜ್ಜಿ ತಾನೇ ಕೈಬಿಟ್ಟಳು.

"ಗಂಡು ಹುಡುಗ. ವಯಸ್ಸಿಗೆ ಬಂದಾನ, ಬಿಡ್ರಿ," ಎಂದಳು ಅಪ್ಪನಿಗೆ.

"ನೆಗಡಿ ಇದ್ದೀತು," ಎಂದ ಅಪ್ಪ. ಆಮೇಲೆ "ನಾಳೆ ಬಳ್ಳಾರಿಗೆ ಹೋಗೂಣು" ಎಂದ. ಈ ಸಲ ಮರುದಿನವೇ ಹೋದೆವು.

ಡಾಕ್ಟರು ನನ್ನ ಬಾಯಿ ತೆರೆಸಿ, ನಾಲಿಗೆ ಒತ್ತಿ ನೋಡಿದರು. "ಏಮಯ್ಯಾ, ಇದು ಜಡ್ಡಲ್ಲ. ಹುಡುಗ ಗಂಡಸಾಗ್ತಾ ಇದಾನೆ. ನಿನಗೆ ಈ ವಯಸ್ಸಿನಾಗ ದನಿ ಒಡೀಲಿಲ್ಲೇನು?"

"ಒಡದಿತ್ರಿ."

"ಮತ್ತೆ?"

ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈಗೆ ಸುತ್ತಿಕೊಂಡ. "ಮೊದ್ಲಿನ ದನಿ ಉಳಸಾಕ ಏನಾರ ಔಷಧ ಐತೇನ್ರಿ, ಸಾಹೇಬ್ರ? ದಿನಾ ಪೂರ್ತಿ ಬ್ಯಾಡ್ರಿ. ಸಂಜಿಕ ಒಂದೀಟು ಬಂದ್ರ ಸಾಕು."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಂಪೌಂಡರನ್ನೂ ಕರೆದು ಹೇಳಿದರು. ಜೀವಮಾನದಲ್ಲಿ ಯಾರನ್ನೂ ನಗಿಸದ ಅಪ್ಪ ಅಂದು ಇಬ್ಬರನ್ನು ನಗಿಸಿದ. ನಾನೂ ನಕ್ಕೆ. ನನ್ನ ನಗೆಯೂ ಒಡೆದೇ ಬಂತು. ಅಪ್ಪ ನನ್ನ ಕಡೆ ನೋಡಿದ ಮೇಲೆ ಅದೂ ನಿಂತಿತು.

ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತಿದ್ದ. ಸಿರುಗುಪ್ಪದಲ್ಲಿ ಇಳಿದಾಗ ಕೇಳಿದ, "ಎಷ್ಟೊತ್ತು ಹಿಡೀತಲೇ?"

"ಮೂರ್ ತಾಸಪ್ಪಾ."

"ಬರೇ ಮೂರ್ ತಾಸು," ಎಂದ. ಅವ್ವ ಜ್ವರದಲ್ಲಿ ಮಲಗಿದ್ದ ನಾಲ್ಕು ದಿನ ನನಗೂ ನೆನಪಾದವು.

ಆ ಸಂಜೆ ಸೀರೆಯನ್ನು ಗೂಟದಲ್ಲೇ ಬಿಟ್ಟೆ. ಚರಿಗೆ ಹಿಡಿದು, ಒದೆತ ತಿನ್ನಲು ತಯಾರಾಗಿ ಕೂತೆ. ಬಾಯಿ ತೆರೆಯಲಿಲ್ಲ. ಎಮ್ಮೆ ಹಿಂತಿರುಗಿ ಒಮ್ಮೆ ಮೂಸಿತು, ಮೆಲುಕು ಹಾಕುತ್ತಾ ಹಾಲು ಇಳಿಸಿತು. ಅದಕ್ಕೆ ನನ್ನ ಕೈ ಯಾವಾಗ ರೂಢಿಯಾಯಿತೋ, ಎಷ್ಟು ವರ್ಷದಿಂದ ಆ ದನಿ ಅದಕ್ಕೆ ಬೇಡವಾಗಿತ್ತೋ ದೇವರಿಗೇ ಗೊತ್ತು.

ಗೋಡೆಯ ಆಚೆ ಅಪ್ಪ ಬಂದು ಕೂತ ಸಪ್ಪಳ ಕೇಳಿತು. ಚರಿಗೆ ತುಂಬಿತು. ಈಚೆ ನಾನು, ಆಚೆ ಅವನು. ಏನಾದರೂ ಅನ್ನಬೇಕಿತ್ತು. ನನ್ನ ಗಂಟಲಿಗೆ ಏನು ಬರುತ್ತಿತ್ತೋ ಅದರಲ್ಲೇ ಅಂದೆ:

"ಅಪ್ಪಾ, ಏಳು. ರೊಟ್ಟಿ ಆರ್ತಾವ."

ಅಪ್ಪ ಕೂತಲ್ಲಿಂದಲೇ ಅಂದ, "ನೀ ಉಣ್ಣು."

ಒಳಗೆ ಹೋಗಿ ಉಂಡೆ. ಅಜ್ಜಿ ಅಪ್ಪನ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟಳು. ಮರುದಿನದಿಂದ ಅಪ್ಪ ಹೊಲದಿಂದ ಬಂದವನು ಕೊಟ್ಟಿಗೆಯ ಕಟ್ಟೆಗೆ ಹೋಗದೆ ನೇರ ಬಾಗಿಲಿಗೆ ಬಂದು ಕಾಲು ತೊಳೆಯತೊಡಗಿದ.